ಅಟ್ಟದ ಮೇಲಿನ ಪರದೇಶಿಗಳು

ಚಿಕ್ಕಬಳ್ಳಾಪುರದ ನಮ್ಮ ಮನೆ ಮಹಡಿ ಮೇಲೆ ನಿಂತರೆ ನಂದಿ ಬೆಟ್ಟ ಕಾಣುತ್ತದೆ. ತಾಪತ್ರಯ ಶುರುವಾಗಿದ್ದೇ ಅಲ್ಲಿಂದ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ಬೆಟ್ಟಕ್ಕೆ ಮೂರು ವಾರ ಮುತ್ತಿಗೆ ಹಾಕಿ, ಕೊನೆಗೆ ಬೆಳದಿಂಗಳಲ್ಲಿ ಹತ್ತಿ ಟಿಪ್ಪುವಿನ ಕೋಟೆ ಹಿಡಿಯಿತು. ಆ ಯುದ್ಧವನ್ನು ಊಟದ ಮೇಜಿನ ಮೇಲೆ ಪುಟ್ಟ ಸಿಪಾಯಿಗಳನ್ನಿಟ್ಟು ಇನ್ನೊಂದು ಸಲ ಆಡಬೇಕು, ಈ ಸಲ ಕೋಟೆ ಬೀಳಬಾರದು ಅನ್ನುವುದು ಐವತ್ತು ದಾಟುತ್ತಿದ್ದಾಗ ನನಗೆ ಹತ್ತಿದ ಹುಚ್ಚು. ಬೇರೆಯವರು ಈ ವಯಸ್ಸಿಗೆ ಸೈಟು ಕೊಳ್ಳುತ್ತಾರೆ.

ವಾರ್‌ಗೇಮಿಂಗ್ ಅಂತ ಇದಕ್ಕೆ ಹೆಸರು. ಸಿಪಾಯಿಯ ಎತ್ತರ 28 ಮಿಲಿಮೀಟರು, ಅಂದರೆ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ದಾಳ ಉರುಳಿಸಬೇಕು, ಟೇಪು ಹಿಡಿದು ಅಳೆದು ದಂಡು ನಡೆಸಬೇಕು. "ಪ್ರಷ್ಯಾ ದೇಶದ ಸೇನಾಧಿಕಾರಿಗಳು 1824ರಲ್ಲೇ ಇದನ್ನ ಆಡ್ತಿದ್ರು ಗೊತ್ತಾ?" ಅಂದೆ ಹೆಂಡತಿಗೆ.

"ಅವರಿಗೆ ಅದಕ್ಕೆ ಸಂಬಳ ಬರ್ತಿತ್ತು" ಅಂದಳು.

ಮೊದಲು ಬ್ರಿಟಿಷರ ಕಡೆಯ ಡಬ್ಬಿ ತರಿಸಿದೆ. ನಲವತ್ತು ಜನ, ಮೂರು ಸಾವಿರದ ಇನ್ನೂರು ರೂಪಾಯಿ. ಬಿಲ್ಲು ಅವಳ ಕೈಗೆ ಸಿಕ್ಕಿತು. ತಲೆಗೆ ಎಂಬತ್ತು ರೂಪಾಯಿ ಅಂತ ಬಾಯಲ್ಲೇ ಭಾಗಿಸಿ, "ಒಬ್ಬೊಬ್ಬನಿಗೆ ಒಂದೊಂದು ಕಿಲೋ ದ್ರಾಕ್ಷಿ ಬರ್ತಿತ್ತು ಕಣ್ರೀ" ಅಂದಳು. ದ್ರಾಕ್ಷಿ ಸೀಮೆಯಲ್ಲಿ ಹುಟ್ಟಿದವಳ ತಕ್ಕಡಿಯೇ ಬೇರೆ. ಮೈಸೂರು ಕಡೆಯವರನ್ನು ಗುಟ್ಟಾಗಿ ತರಿಸೋಣ ಅಂತ, ಎಡಿನ್‌ಬರೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಭಾವಮೈದನಿಗೆ ಹೇಳಿದೆ. "ಟಿಪ್ಪು ಸೈನ್ಯ ಕಣೋ, ಹುಲಿಪಟ್ಟೆ ಅಂಗಿ ಇರುತ್ತೆ, ನೋಡಿ ತಗೋ."

2019ರ ಡಿಸೆಂಬರಿನಲ್ಲಿ ಬಂದ. ಡಬ್ಬಿ ಬಿಚ್ಚಿದರೆ ಚೌಕಳಿ ಲಂಗ ಉಟ್ಟ, ತಲೆ ಮೇಲೆ ಕರಡಿಮರಿ ಕೂತಂಥ ಗರಿಟೋಪಿ ಹಾಕಿದ ಹೈಲ್ಯಾಂಡರುಗಳು! "ಟಿಪ್ಪು ಕಡೆಯವರು ಸ್ಟಾಕ್ ಇರಲಿಲ್ಲ ಭಾವ. ಇವರು ನಮ್ಮ ಸ್ಕಾಟ್ಲೆಂಡಿನವರು, ಆಫರ್‌ನಲ್ಲಿದ್ರು."

ಆ ಯುದ್ಧದಲ್ಲಿ ಹೈಲ್ಯಾಂಡರ್ ಪಲ್ಟನ್ನುಗಳು ಕಾರ್ನ್‌ವಾಲಿಸನ ಕಡೆ ಇದ್ದದ್ದು ನಿಜ. ಆದರೆ ನನಗೆ ಬೇಕಾಗಿದ್ದು ಕೋಟೆ ಕಾಯುವವರು. ಹತ್ತುವವರು ಆಗಲೇ ನಲವತ್ತು ಜನ ಷೋಕೇಸಿನಲ್ಲಿ ನಿಂತಿದ್ದರು. ಡಬ್ಬಿ ಅಟ್ಟ ಸೇರಿತು, ಹಳೇ ಕುಕ್ಕರಿನ ಪಕ್ಕ.

ಆ "ನಮ್ಮ" ಅನ್ನುವ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಹುಡುಗ ಅಲ್ಲಿ ರಗ್ಬಿ ಹುಚ್ಚು ಹತ್ತಿಸಿಕೊಂಡಿದ್ದ. ಫೆಬ್ರವರಿ ಬಂತೆಂದರೆ ನೀಲಿ ಜರ್ಸಿ ತೊಟ್ಟು ವಿಡಿಯೋ ಕಾಲ್ ಮಾಡುವುದು, "ನಾವು ಇಂಗ್ಲೆಂಡನ್ನ ಹೊಡೆದ್ವಿ ಭಾವ" ಅನ್ನುವುದು.

"ನಿಮ್ಮಲ್ಲಿ ಸ್ಕಾಟ್ಲೆಂಡಿನಲ್ಲೇ ಹುಟ್ಟಿದವರು ಎಷ್ಟು ಜನ ಇದ್ದಾರೋ?" ಅಂತ ಕೆಣಕಿದೆ. ಅವರ ನಾಯಕ ಸಿಯೋನೆ ಟುಯಿಪುಲೋಟು ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ; ಅಜ್ಜಿ ಸ್ಕಾಟ್ಲೆಂಡಿನ ಗ್ರೀನಕ್ ಊರಿನವರು ಅಂತ ಆ ದೇಶಕ್ಕೆ ಆಡುತ್ತಾನೆ. ಟ್ರೈ ಮೇಲೆ ಟ್ರೈ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತುವುದು) ಹೊಡೆಯುವ ಡುಹಾನ್ ವಾನ್ ಡರ್ ಮರ್ವ ದಕ್ಷಿಣ ಆಫ್ರಿಕಾದವನು, ಸ್ಕಾಟ್ಲೆಂಡಿನಲ್ಲಿ ನೆಲೆಸಿ ಸ್ಕಾಟ್ ಆದವನು. ರಗ್ಬಿಯ ಕಾನೂನೇ ಹಾಗೆ. ಯಾವ ದೇಶಕ್ಕೆ ಆಡುತ್ತೀಯೋ ನೀನು ಅಲ್ಲಿ ಹುಟ್ಟಿರಬೇಕು, ಇಲ್ಲ ಅಪ್ಪ ಅಮ್ಮ ಅಜ್ಜ ಅಜ್ಜಿಯರಲ್ಲಿ ಯಾರಾದರೊಬ್ಬರು ಹುಟ್ಟಿರಬೇಕು, ಇಲ್ಲ ಅಲ್ಲೇ ಬಿಡದೆ ವಾಸವಿರಬೇಕು. ವಾಸ ಮೊದಲು ಮೂರು ವರ್ಷ ಸಾಕಿತ್ತು, ಈಗ ಐದು. 2000ದಲ್ಲಿ ವೇಲ್ಸ್ ಪರ ಆಡುತ್ತಿದ್ದ ನ್ಯೂಜಿಲೆಂಡಿನ ಇಬ್ಬರ ಅಜ್ಜಂದಿರು ವೇಲ್ಸ್‌ನವರೇ ಅಲ್ಲ ಅಂತ ಗೊತ್ತಾಗಿ ದೊಡ್ಡ ರಾದ್ಧಾಂತವಾಗಿತ್ತು. ಜಾತಿ ಸರ್ಟಿಫಿಕೇಟಿಗೆ ತಾಲ್ಲೂಕು ಕಚೇರಿ ಸುತ್ತಿದವರಿಗೆ ಇದೇನು ಹೊಸ ಸಂಗತಿಯಲ್ಲ.

ಅವನೇನು ಸುಮ್ಮನಿರುವವನಾ? "ನೀವು ಹುಟ್ಟಿದ್ದು ಯಾವ ಜಿಲ್ಲೆ ಭಾವ?" ಅಂದ.

ಕೋಲಾರ! 2007ರವರೆಗೆ ನಮ್ಮದು ಕೋಲಾರ ಜಿಲ್ಲೆ. ಅದೇ ಮನೆ, ಅದೇ ನಲ್ಲಿ, ಅದೇ ಬಿ.ಬಿ. ರಸ್ತೆ, ಕೂತಲ್ಲೇ ಜಿಲ್ಲೆ ಬದಲಾಯಿಸಿದವನು ನಾನು. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ಮಾತು ತಿರುಗಿಸಲು ಕಲ್ಕತ್ತಾ ಕಪ್ ಎತ್ತಿದೆ. ಇಂಗ್ಲೆಂಡೂ ಸ್ಕಾಟ್ಲೆಂಡೂ 1879ರಿಂದ ಅದಕ್ಕೆ ಕಿತ್ತಾಡುತ್ತಿವೆ. ಕಲ್ಕತ್ತಾದ ರಗ್ಬಿ ಕ್ಲಬ್ಬು ಮುಚ್ಚುವಾಗ ಬ್ಯಾಂಕಿನಲ್ಲಿದ್ದ 270 ಬೆಳ್ಳಿ ರೂಪಾಯಿ ತೆಗೆದು ಕರಗಿಸಿ ಮಾಡಿಸಿದ ಕಪ್ಪು ಅದು. ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. "ಹುಟ್ಟಿದ ಲೆಕ್ಕ ಹಿಡಿದರೆ ಕಪ್ಪು ನಮ್ಮದು ಕಣೋ" ಅಂದೆ. ಫೋನ್ ಕಟ್ ಆಯಿತು. ನೆಟ್‌ವರ್ಕ್ ಅಂತ ಆಮೇಲೆ ಹೇಳಿದ.

ಹೋದ ವರ್ಷ, 2025ರ ಬೇಸಿಗೆಯಲ್ಲಿ, ಕುಕ್ಕರಿನ ಗ್ಯಾಸ್ಕೆಟ್ ಹುಡುಕಲು ಅಟ್ಟ ಹತ್ತಿದಾಗ ಡಬ್ಬಿ ಕಣ್ಣಿಗೆ ಬಿತ್ತು. ಬೆರಳು ಮಡಿಚಿ ಎಣಿಸಿದೆ. 2019ರ ಡಿಸೆಂಬರಿನಿಂದ ಅರವತ್ತು ತಿಂಗಳು ದಾಟಿದೆ! ಒಂದು ದಿನವೂ ಊರು ಬಿಟ್ಟು ಹೋಗಿಲ್ಲ. ಕಾನೂನಿನ ಪ್ರಕಾರ ಇವರು ಮೈಸೂರಿಗೆ ಆಡಬಹುದು.

ಗರಿಟೋಪಿಗೆ ಎಂ-ಸೀಲ್ ಮೆತ್ತಿ ಪೇಟ ಮಾಡಿದೆ. ಚೌಕಳಿ ಲಂಗಕ್ಕೆ ಬಿಳಿ ಬಳಿದರೆ ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಅಂಗಿಗೆ ಗೆರೆ ಎಳೆದರೆ ಹುಲಿಪಟ್ಟೆ. ಒಬ್ಬನ ಬಲಗೈ ಫೆವಿಕ್ವಿಕ್ ಹಾಕಿ ಅಂಟಿಸುವಾಗ ಅವನ ಕೈ ಅವನಿಗೆ ಅಂಟದೆ ನನ್ನ ತೋರುಬೆರಳಿಗೆ ಅಂಟಿತು. ಮಾರನೇ ದಿನ ಆಫೀಸಿನಲ್ಲಿ ಸಹಿ ಹಾಕುವಾಗೆಲ್ಲ ಆ ಪುಟ್ಟ ಕೈ ಬಂದೂಕು ಹಿಡಿದು ಎದುರಿಗಿದ್ದವರಿಗೆ ಗುರಿಯಿಡುತ್ತಿತ್ತು. ಪುಣ್ಯಕ್ಕೆ ಯಾರೂ ಕೇಳಲಿಲ್ಲ. ಚರ್ಮದ ಕಾಯಿಲೆ ಅಂದುಕೊಂಡಿರಬೇಕು.

ನಿಜವಾದ ಅನಾಹುತ ಆದದ್ದು ಪ್ರೈಮರಿನಿಂದ. ಬಣ್ಣಕ್ಕೆ ಮೊದಲು ಬೂದಿ ಬಣ್ಣದ ಸ್ಪ್ರೇ ಹೊಡೆಯಬೇಕು. ಮನೆಯೊಳಗೆ ವಾಸನೆ ಅಂತ ಮಹಡಿಗೆ ಹೋದೆ. ಬೆಟ್ಟದ ಕಡೆಯಿಂದ ಭರ್ರನೆ ಗಾಳಿ ಬೀಸಿತು. ಸಿಪಾಯಿಗಳ ಮೇಲೆ ಬಿದ್ದದ್ದು ಕಾಲುಭಾಗ. ಉಳಿದದ್ದು ಪಂಚೆ ಹಾಸಿ ಅತ್ತೆ ಒಣಗಿಸಿದ್ದ ಅಕ್ಕಿ ಸಂಡಿಗೆ ಮೇಲೆ. ಒಂದು ಸಾಲು ಸಂಡಿಗೆ ಯುದ್ಧನೌಕೆಯ ಬಣ್ಣಕ್ಕೆ ತಿರುಗಿತು. ಅತ್ತೆ ಒಂದನ್ನೆತ್ತಿ ಬಿಸಿಲಿಗೆ ಹಿಡಿದು ನೋಡಿ, "ರಾಗಿ ಏಸಿನಾನಾ ನೇನು?" (ರಾಗಿ ಹಾಕಿದ್ನಾ ನಾನು?) ಅಂತ ತೆಲುಗಿನಲ್ಲಿ ತಮ್ಮನ್ನೇ ಕೇಳಿಕೊಂಡರು. ನಾನು ಬಾಯಿ ಬಿಡಲಿಲ್ಲ. ಆ ಸಾಲನ್ನು ರಾತ್ರೋರಾತ್ರಿ ಪ್ಲಾಸ್ಟಿಕ್ ಕವರಿಗೆ ತುಂಬಿ ಕಸದ ಗಾಡಿಗೆ ಹಾಕಿದೆ.

ಇಷ್ಟೆಲ್ಲ ಆಗಿಯೂ ಯುದ್ಧ ನಡೆಯಲಿಲ್ಲ. ದಸರಾ ಬಂತು, ಹೆಂಡತಿ ಷೋಕೇಸ್ ಖಾಲಿ ಮಾಡಿ ಎರಡೂ ಸೈನ್ಯವನ್ನು ಗೊಂಬೆ ಕೂರಿಸಲು ಎತ್ತಿಕೊಂಡಳು. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ, ಮರದ ಶೆಟ್ಟಿ ದಂಪತಿಯ ಅಂಗಡಿಗೆ ಕಾವಲಾಗಿ, ಕೆಂಪಂಗಿಯವರೂ ಹುಲಿಪಟ್ಟೆಯವರೂ ಒಂದೇ ಸಾಲಿನಲ್ಲಿ ನಿಂತರು. ಎಂಬತ್ತು ರೂಪಾಯಿಯ ವಿಷಯ ಅವಳು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳತೊಡಗಿದಳು.

ವಿಡಿಯೋ ಕಾಲಿನಲ್ಲಿ ಭಾವಮೈದ ಗೊಂಬೆ ನೋಡುತ್ತಾ ನೋಡುತ್ತಾ ಥಟ್ಟನೆ ನಿಲ್ಲಿಸಿದ. "ಭಾವ, ಜೂಮ್ ಮಾಡಿ. ಆ ಪಂಚೆಯವನ ಕಾಲುಚೀಲ ಚೌಕಳಿ ಇದೆಯಲ್ಲ? ಅವರು ನಮ್ಮವರು!"

"ಐದು ವರ್ಷ ನಮ್ಮ ಅಟ್ಟದಲ್ಲಿದ್ರು. ಈಗ ಮೈಸೂರಿನವರು."

"ಹಾಗಾದ್ರೆ ನಾನೂ ಇಲ್ಲಿ ಬಂದು ಏಳು ವರ್ಷ ಆಯ್ತು. ನಾನೂ ಸ್ಕಾಟ್ಲೆಂಡಿಗೆ ಆಡಬಹುದು!"

ಹಿಂದಿನಿಂದ ಅತ್ತೆ ಫೋನ್ ಕಿತ್ತುಕೊಂಡರು. "ಆಡುವಂತೆ. ಮೊದಲು ಬಂದು ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿ ಹೋಗು. ನಿನ್ನ ಹೆಸರು ತೆಗೀತೀವಿ ಅಂತ ಅಂಗಡಿಯವನು ಮೂರು ಸಲ ಹೇಳಿದ್ದಾನೆ."