ದಿನಕ್ಕೆ ಐದು ನಿಮಿಷ ಓಡಿಸಲು ಎಂಥ ಗಾಡಿ ಬೇಕು?

ಆಟೋಕ್ರಾಸ್‌ಗೆ ಮೊದಲ ಕಾರು ಯಾವುದು ತಗೊಳ್ಳಲಿ ಎಂದು ಕೇಳುವವರ ಮಾತು ಸಾಮಾನ್ಯವಾಗಿ ಹಾರ್ಸ್‌ಪವರ್‌ನಿಂದ ಶುರುವಾಗುತ್ತದೆ. ಟರ್ಬೊ ಇದೆಯಾ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು, ಎಷ್ಟು ಸಿಸಿ. ಇದೆಲ್ಲ ಒಂದು ಕಡೆ ಇರಲಿ, ಮೊದಲು ಬೇರೆ ಲೆಕ್ಕ ಹಾಕೋಣ. ಡಾಂಬರು ಮೈದಾನದಲ್ಲಿ ಕೋನ್ ಜೋಡಿಸಿ, ಒಂದು ಸಲಕ್ಕೆ ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರ ಹಿಡಿಯುವ ಆಟ ಇದು. ಒಂದು ಸುತ್ತಿಗೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಹಿಡಿಯುತ್ತದೆ. ದಿನಕ್ಕೆ ನಾಲ್ಕೋ ಐದೋ ಆರೋ ಸುತ್ತು ಸಿಗುತ್ತವೆ. ಬೆಳಗ್ಗೆ ಎದ್ದು ಹೋಗಿ, ಕೋರ್ಸನ್ನು ಕಾಲ್ನಡಿಗೆಯಲ್ಲಿ ನೋಡಿ ನೆನಪಿಟ್ಟುಕೊಂಡು, ಗಾಡಿಯ ತಪಾಸಣೆ ಮಾಡಿಸಿ, ಬೇರೆಯವರು ಓಡಿಸುವಾಗ ಬಿದ್ದ ಕೋನ್‌ಗಳನ್ನು ಎತ್ತಿ ನಿಲ್ಲಿಸುವ ಕೆಲಸವನ್ನೂ ಮುಗಿಸಿ ಸಂಜೆ ಮನೆ ಸೇರುವಷ್ಟರಲ್ಲಿ, ಸ್ಟೀರಿಂಗ್ ಹಿಂದೆ ಕೂತು ಓಡಿಸಿದ್ದು ಒಟ್ಟು ಐದು ನಿಮಿಷ ಆಗಿರುತ್ತದೆ.

ಮೊದಲ ಗಾಡಿಯ ಬಗ್ಗೆ ನನ್ನ ಅಭಿಪ್ರಾಯವೆಲ್ಲ ಈ ಐದು ನಿಮಿಷದ ಮೇಲೇ ನಿಂತಿದೆ. ಕಲಿಕೆ ಆಗುವುದು ಆ ಹೊತ್ತಿನಲ್ಲಿ ಮಾತ್ರ. ಎರಡನೇ ಸುತ್ತಿನಲ್ಲೇ ರೇಡಿಯೇಟರ್ ಬಿಸಿಯಾಗಿ ಗಾಡಿ ಪಕ್ಕಕ್ಕೆ ನಿಂತರೆ ಆ ದಿನದ ಪಾಠ ಅಲ್ಲಿಗೆ ಮುಗಿಯಿತು. ಗೇರ್‌ಬಾಕ್ಸ್ ಬಿಚ್ಚಿಟ್ಟು ಬಿಡಿಭಾಗಕ್ಕಾಗಿ ಕಾಯುತ್ತಾ ಮುಂದಿನ ಸ್ಪರ್ಧೆ ತಪ್ಪಿಸಿಕೊಂಡರೆ, ಆ ಕಾರು ಎಷ್ಟು ವೇಗದ್ದಾದರೂ ನಿಮಗೆ ಏನನ್ನೂ ಕಲಿಸಲಿಲ್ಲ. ಹಾಗಾಗಿ ಮೊದಲ ಕಾರಿಗೆ ನಾನು ಕೇಳುವ ಪ್ರಶ್ನೆ ಒಂದೇ: ಇಡೀ ಸೀಸನ್ ಒಂದು ಸುತ್ತೂ ತಪ್ಪಿಸದೆ ಓಡುತ್ತದೆಯೇ, ಸಂಜೆ ಅದೇ ಟೈರಿನ ಮೇಲೆ ನಿಮ್ಮನ್ನು ಮನೆಗೆ ತಲುಪಿಸುತ್ತದೆಯೇ?

ಹೀಗೆ ನೋಡಿದರೆ ಹಲವರಿಗೆ ಉತ್ತರ ಮನೆ ಮುಂದೆಯೇ ನಿಂತಿದೆ. ದಿನಾ ಓಡಿಸುವ ಸಾಮಾನ್ಯ ಹ್ಯಾಚ್‌ಬ್ಯಾಕ್ ಅಥವಾ ಸೆಡಾನ್ ಆರೋಗ್ಯವಾಗಿದ್ದರೆ ಮೊದಲ ಕೆಲವು ಸ್ಪರ್ಧೆಗಳಿಗೆ ಅದನ್ನೇ ತಗೊಂಡು ಹೋಗಿ. ಎತ್ತರದ ಎಸ್‌ಯುವಿ, ವ್ಯಾನ್‌ಗಳನ್ನು ಮಾತ್ರ ಕ್ಲಬ್‌ಗಳು ಸಾಮಾನ್ಯವಾಗಿ ಬಿಟ್ಟುಕೊಳ್ಳುವುದಿಲ್ಲ. ಚಕ್ರಗಳ ನಡುವಿನ ಅಗಲಕ್ಕಿಂತ ಎತ್ತರ ಹೆಚ್ಚಾದ ಗಾಡಿ ರಭಸದ ತಿರುವಿನಲ್ಲಿ ಪಲ್ಟಿಯಾಗುವ ಅಪಾಯವಿದೆ, ಆ ನಿಯಮ ಸರಿಯಾಗಿಯೇ ಇದೆ. ಸ್ಪರ್ಧೆಯ ದಿನದ ಹಾನಿಗೆ ಇನ್ಶೂರೆನ್ಸ್ ಅನ್ವಯಿಸುತ್ತದೆಯೇ ಎಂಬುದನ್ನು ಮಾತ್ರ ಪಾಲಿಸಿಯಲ್ಲಿ ಓದಿ ನೋಡಿ. ಹೆಚ್ಚಿನ ಪಾಲಿಸಿಗಳು ಗಡಿಯಾರ ಹಿಡಿದು ಓಡಿಸುವುದನ್ನು ಹೊರಗಿಡುತ್ತವೆ.

ಇನ್ನೊಂದು ದಾರಿಯೂ ಇದೆ, ಹೊಸಬರಿಗೆ ಅದು ಗೊತ್ತೇ ಇರುವುದಿಲ್ಲ. ಆಟೋಕ್ರಾಸ್‌ನಲ್ಲಿ ಒಂದೇ ಕಾರನ್ನು ಇಬ್ಬರು ಹಂಚಿಕೊಂಡು ಓಡಿಸಬಹುದು. ಒಬ್ಬರ ಸುತ್ತು ಮುಗಿದ ಮೇಲೆ ಇನ್ನೊಬ್ಬರು ಕೂರುತ್ತಾರೆ, ನಡುವೆ ಬಿಸಿಯಾದ ಟೈರಿಗೆ ನೀರು ಚಿಮುಕಿಸುತ್ತಾರೆ. ಖರ್ಚು ಹಂಚಿಕೊಳ್ಳಲು ಜೊತೆ ಹುಡುಕುತ್ತಿರುವವರು ಬಹುತೇಕ ಎಲ್ಲ ಕಡೆ ಇರುತ್ತಾರೆ. ನೀವು ಕೊಳ್ಳಬೇಕೆಂದಿರುವ ಮಾದರಿಯಲ್ಲೇ ಹೀಗೆ ಒಂದು ದಿನ ಓಡಿಸಿದರೆ ಸಿಗುವ ತಿಳಿವಳಿಕೆ ಯಾವ ವಿಡಿಯೊದಲ್ಲೂ ಸಿಗುವುದಿಲ್ಲ.

ಸರಿ, ಕೊಳ್ಳಲೇಬೇಕು ಎಂದಾದರೆ ನನ್ನ ಮೊದಲ ಷರತ್ತು ತೂಕ. ಹಗುರವಾದ ಗಾಡಿ. ಭಾರ ಎರಡು ಪಟ್ಟಾದರೆ ಟೈರಿನ ಹಿಡಿತವೂ ಎರಡು ಪಟ್ಟಾಗುತ್ತದೆ ಎಂದುಕೊಳ್ಳುತ್ತೇವೆ, ಹಾಗೆ ಆಗುವುದಿಲ್ಲ. ಭಾರ ಏರಿದಂತೆ ಹಿಡಿತ ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಏರುತ್ತದೆ. ಅದಕ್ಕೇ ಹಗುರ ಗಾಡಿ ಸಣ್ಣ ಟೈರಿನಲ್ಲೂ ಚೆನ್ನಾಗಿ ತಿರುಗುತ್ತದೆ. ಕೋನ್‌ಗಳ ನಡುವೆ ಎಡ ಬಲ ಎಡ ಎಂದು ಹಾವಿನಂತೆ ಸಾಗುವಾಗ ಪ್ರತಿ ಸಲವೂ ಇಡೀ ದೇಹದ ಭಾರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆಯಬೇಕಲ್ಲ, ಅಲ್ಲಿ ಪ್ರತಿ ಕಿಲೋ ಲೆಕ್ಕಕ್ಕೆ ಬರುತ್ತದೆ. ಇನ್ನು ಹಣದ ಮಾತು. ಮೊದಲ ಪೀಳಿಗೆಯ ಮಾಜ್ದಾ ಮಿಯಾಟ ಸಾವಿರ ಕಿಲೋ ಆಸುಪಾಸಿನ ಗಾಡಿ. ಅದರ ಮೂಲ ಟೈರು 185/60 ಅಳತೆಯದು, ಅಂದರೆ 185 ಮಿಲಿಮೀಟರ್ ಅಗಲದ್ದು, 14 ಇಂಚಿನ ರಿಮ್ಮಿನದು. ಎಂಟು ಸಿಲಿಂಡರಿನ ಇತ್ತೀಚಿನ ಫೋರ್ಡ್ ಮಸ್ಟಾಂಗ್ 1600 ಕಿಲೋ ದಾಟುತ್ತದೆ, ಅದಕ್ಕೆ 18, 19 ಇಂಚಿನ ಅಗಲ ಟೈರು ಬೇಕು. ಟೈರು, ಬ್ರೇಕ್ ಪ್ಯಾಡ್, ಪೆಟ್ರೋಲು, ಮೂರರಲ್ಲೂ ಭಾರದ ಗಾಡಿ ದುಬಾರಿ. ಕೊಳ್ಳುವಾಗ ಅಗ್ಗವಾಗಿ ಸಿಕ್ಕಿದ್ದು ಎರಡನೇ ಜೊತೆ ಟೈರಿನ ಹೊತ್ತಿಗೆ ಅಗ್ಗವಾಗಿ ಉಳಿದಿರುವುದಿಲ್ಲ.

ಶಕ್ತಿ ಕಡಿಮೆಯಾಯಿತಲ್ಲ ಎಂದು ಬೇಸರ ಬೇಡ. ಆಟೋಕ್ರಾಸ್ ಕೋರ್ಸ್‌ನಲ್ಲಿ ಗಾಡಿ ಹೆಚ್ಚು ಹೊತ್ತು ಎರಡನೇ ಗೇರಿನಲ್ಲೇ ಇರುತ್ತದೆ, ವೇಗ ಹೆದ್ದಾರಿಯ ಮಿತಿ ದಾಟುವುದು ಅಪರೂಪ. ಕಡಿಮೆ ಶಕ್ತಿಯ ಗಾಡಿಯಲ್ಲಿ ತಿರುವಿನಲ್ಲಿ ಕಳೆದುಕೊಂಡ ವೇಗ ಬೇಗ ವಾಪಸ್ಸು ಬರುವುದಿಲ್ಲ. ಬೇಗ ತಿರುಗಿಸಿದಿರಿ, ತಡವಾಗಿ ಬ್ರೇಕ್ ಒತ್ತಿದಿರಿ, ಅದರ ಬೆಲೆ ಮುಂದಿನ ಕೋನ್‌ವರೆಗೂ ಗೊತ್ತಾಗುತ್ತಲೇ ಇರುತ್ತದೆ. ಶಕ್ತಿ ಜಾಸ್ತಿ ಇದ್ದರೆ ಆಕ್ಸಿಲರೇಟರ್ ಒತ್ತಿ ಅದನ್ನು ಮುಚ್ಚಿಬಿಡಬಹುದು. ಸಮಯ ಚೆನ್ನಾಗಿ ಬಂತು ಎಂಬ ಸಮಾಧಾನದಲ್ಲಿ ಎಲ್ಲಿ ತಪ್ಪಿದೆವು ಎಂಬುದೇ ತಿಳಿಯುವುದಿಲ್ಲ. ನಿಧಾನದ ಗಾಡಿಯಲ್ಲಿ ಕಲಿತವರು ಕೋನ್‌ಗಳ ನಡುವೆ ಸಾಗುವ ಗೆರೆ ಎಷ್ಟು ಅಚ್ಚುಕಟ್ಟು ಎಂದು ಕೋರ್ಸ್ ಬದಿಯಲ್ಲಿ ನಿಂತು ನೋಡಿದರೆ ಕಾಣುತ್ತದೆ. ಆ ಅಚ್ಚುಕಟ್ಟುತನದ ಮೇಲೆ ನನಗೆ ಬಹಳ ಗೌರವ.

ಮಿಯಾಟದ ಹೆಸರು ಎತ್ತಿದೆ, ಅದರ ಬಗ್ಗೆ ಪೂರ್ತಿ ಹೇಳಿಬಿಡುತ್ತೇನೆ. ಯಾರನ್ನು ಕೇಳಿದರೂ ಬರುವ ಉತ್ತರ ಅದೇ, ಕಾರಣವೂ ಇದೆ. 1989ರಲ್ಲಿ ಬಂದಾಗಿನಿಂದ ಸೂತ್ರ ಬದಲಾಗಿಲ್ಲ: ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ಎರಡೇ ಸೀಟು, ತೂಕ ಕಡಿಮೆ. 2016ಕ್ಕೆ ಹತ್ತು ಲಕ್ಷ ಗಾಡಿ ತಯಾರಾಗಿದ್ದವು, ಹಾಗಾಗಿ ಬಿಡಿಭಾಗವೂ ಅನುಭವವೂ ಧಾರಾಳ. ಆದರೆ ಮೊದಲ ಪೀಳಿಗೆಯ ಗಾಡಿಗೆ ಈಗ ಮೂವತ್ತು ವರ್ಷ ಆಗುತ್ತಾ ಬಂದಿದೆ ಅಥವಾ ದಾಟಿದೆ. ರಬ್ಬರ್ ಬುಷ್‌ಗಳು ಸವೆದಿರುತ್ತವೆ, ಬಾಗಿಲಿನ ಕೆಳಗಿನ ಪಟ್ಟಿಯಲ್ಲಿ, ಹಿಂಚಕ್ರದ ಮುಂದೆ ತುಕ್ಕು ಹಿಡಿದಿರುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವುದನ್ನು ಸಂಗ್ರಹಕಾರರು ಹುಡುಕಿ ಕೊಳ್ಳುತ್ತಿದ್ದಾರೆ, ಅಗ್ಗ ಎಂಬ ಮಾತು ಅದಕ್ಕೆ ಈಗ ಹೊಂದುವುದಿಲ್ಲ. ನನ್ನ ಆಯ್ಕೆ 2005ರಿಂದ 2015ರವರೆಗೆ ಬಂದ ಮೂರನೇ ಪೀಳಿಗೆ. ಸ್ವಲ್ಪ ದಪ್ಪ ಎಂದು ಅಭಿಮಾನಿಗಳು ಅದನ್ನು ದೂರ ಇಟ್ಟರು. ಎರಡು ಲೀಟರ್ ಎಂಜಿನ್, ಟೈಮಿಂಗ್‌ಗೆ ಬೆಲ್ಟ್ ಬದಲು ಚೈನ್, ತೂಕ ಇಂದಿನ ಮಾನದಂಡದಲ್ಲಿ ಕಡಿಮೆಯೇ. ಹೊಸಬರಿಗೆ ಇಷ್ಟು ಸಾಕು.

ಒಂದು ಎಚ್ಚರಿಕೆ. ಹೆಲ್ಮೆಟ್ ಹಾಕಿಕೊಂಡು ಕೂತು ನೋಡದೆ ಯಾವ ಕಾರನ್ನೂ ಕೊಳ್ಳಬೇಡಿ. ಮಿಯಾಟ ಚಿಕ್ಕ ಗಾಡಿ, ಆರಡಿ ಮೀರಿದವರಿಗೆ ಹೆಲ್ಮೆಟ್ ಮೇಲ್ಚಾವಣಿಗೆ ತಾಗುತ್ತದೆ, ಮೊಣಕಾಲು ಸ್ಟೀರಿಂಗಿಗೆ ಬಡಿಯುತ್ತದೆ. ಕುತ್ತಿಗೆ ಬಗ್ಗಿಸಿ ಕೂತವರಿಗೆ ಮುಂದಿನ ಕೋನ್ ಕಾಣುವುದಿಲ್ಲ. ಈ ಆಟದಲ್ಲಿ ಕಣ್ಣು ಎರಡು ಮೂರು ಕೋನ್ ಆಚೆಗೇ ಇರಬೇಕು.

ಹಿಂಚಕ್ರ ಚಾಲನೆಯೇ ಬೇಕೆಂಬ ಹಟ ನನಗಿಲ್ಲ. 1992ರಿಂದ 2000ದವರೆಗಿನ ಹೋಂಡಾ ಸಿವಿಕ್‌ಗಳಿಗೆ ನಾಲ್ಕೂ ಕಡೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ (ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿಡುವ ವ್ಯವಸ್ಥೆ) ಇತ್ತು, ಅವು ತಿರುಗುವ ರೀತಿ ನೋಡಿದರೆ ಮುಂಚಕ್ರ ಚಾಲನೆಯ ಬಗ್ಗೆ ಕೀಳಾಗಿ ಮಾತಾಡಲು ಮನಸ್ಸಾಗುವುದಿಲ್ಲ. 2013ರ ನಂತರದ ಫಿಯೆಸ್ಟಾ ಎಸ್‌ಟಿ ಕೂಡ ಅದೇ ಜಾತಿಯ ಚುರುಕು ಹ್ಯಾಚ್‌ಬ್ಯಾಕ್. ಮುಂಚಕ್ರದ ಗಾಡಿ ಮಿತಿ ಮೀರಿದಾಗ ಸಾಮಾನ್ಯವಾಗಿ ಮೂತಿ ಹೊರಗೆ ಜಾರುತ್ತದೆ, ಕಾಲು ಸಡಿಲಿಸಿದರೆ ಸರಿದಾರಿಗೆ ಬರುತ್ತದೆ. ಮಳೆ ಬಂದ ದಿನ ಇದು ದೊಡ್ಡ ಆಸರೆ. ಹಿಂಚಕ್ರದ ಗಾಡಿ ಬಾಲ ಬೀಸುತ್ತದೆ, ಬಲಗಾಲಿನ ಪ್ರತಿ ಮಿಲಿಮೀಟರಿಗೂ ಉತ್ತರ ಕೊಡುತ್ತದೆ, ಹೆಚ್ಚು ಕಲಿಸುತ್ತದೆ, ಹೆಚ್ಚು ಸಲ ಗಿರಕಿ ಹೊಡೆಸುತ್ತದೆ. ಗಿರಕಿಗೆ ಹೆದರಬೇಕಿಲ್ಲ, ಸುತ್ತ ಇರುವುದು ರಬ್ಬರ್ ಕೋನ್‌ಗಳು. ಹಣ ಕೊಂಚ ಹೆಚ್ಚು ಕೂಡಿಸಬಲ್ಲವರು 2012ರಲ್ಲಿ ಬಂದ ಟೊಯೊಟಾ 86, ಸುಬರು ಬಿಆರ್‌ಜೆಡ್ ಜೋಡಿಯನ್ನು ನೋಡಬಹುದು. ಎರಡೂ ಒಂದೇ ಕಾರು, ಬ್ಯಾಡ್ಜ್ ಬೇರೆ. ಹಿಂದೆ ಚಿಕ್ಕ ಸೀಟುಗಳಿವೆ, ಸೀಟು ಮಡಚಿದರೆ ಸ್ಪರ್ಧೆಯ ನಾಲ್ಕು ಟೈರು ಒಳಗೆ ಹಿಡಿಸುತ್ತವೆ.

ಮಾಜ್ದಾ ಆರ್‌ಎಕ್ಸ್-8 ಕಣ್ಣಿಗೆ ಬೀಳುತ್ತದೆ, ಕಡಿಮೆ ಬೆಲೆಗೂ ಸಿಗುತ್ತದೆ, ತಿರುವುಗಳಲ್ಲಿ ಅದ್ಭುತ. ಆದರೂ ಮೊದಲ ಗಾಡಿಯಾಗಿ ಬೇಡ. ಅದರ ರೋಟರಿ ಎಂಜಿನ್ (ಪಿಸ್ಟನ್ ಬದಲು ತಿರುಗುವ ರೋಟರ್ ಇರುವಂಥದ್ದು) ಸ್ವಭಾವತಃ ಆಯಿಲ್ ಕುಡಿಯುತ್ತದೆ, ಒಳಗಿನ ಸೀಲ್‌ಗಳು ಸವೆದರೆ ಎಂಜಿನ್ ಪೂರ್ತಿ ಬಿಚ್ಚಬೇಕು, ಕಂಪ್ರೆಷನ್ ಅಳೆಯಲೂ ವಿಶೇಷ ಸಾಧನ ಬೇಕು. ಹಳೆಯ ಬಿಎಂಡಬ್ಲ್ಯು 3 ಸೀರಿಸ್ ವಿಷಯವೂ ಹೀಗೇ. ಅದರ ಇ46 ಎಂಬ ಪೀಳಿಗೆ ಓಡಿಸಲು ಸೊಗಸು, ಆದರೆ ಕೂಲಿಂಗ್ ವ್ಯವಸ್ಥೆಯ ಪ್ಲಾಸ್ಟಿಕ್ ಭಾಗಗಳು ವಯಸ್ಸಾದಂತೆ ಒಡೆಯುತ್ತವೆ, ಹಿಂದಿನ ಸಸ್ಪೆನ್ಷನ್ ಹೊತ್ತ ಚೌಕಟ್ಟು (ಸಬ್‌ಫ್ರೇಮ್) ಕೂರುವ ಜಾಗದಲ್ಲಿ ತಗಡು ಬಿರುಕು ಬಿಡುತ್ತದೆ. ಇವನ್ನೆಲ್ಲ ಗೊತ್ತಿದ್ದು, ಕೈಯಾರೆ ರಿಪೇರಿ ಮಾಡಬಲ್ಲವರಿಗೆ ಅವು ಒಳ್ಳೆಯ ಗಾಡಿಗಳು.

ಎಲ್ಲಕ್ಕಿಂತ ಜಾಗ್ರತೆ ಬೇಕಾದದ್ದು ಯಾರೋ ಆಗಲೇ 'ರೇಸಿಗೆ ರೆಡಿ' ಮಾಡಿಟ್ಟ ಗಾಡಿಯ ಹತ್ತಿರ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ್ದು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಟ್ಯೂನ್ ಮಾಡಿದ್ದು, ಯಾರು ಜೋಡಿಸಿದರೋ ತಿಳಿಯದ ಟರ್ಬೊ. ಯಂತ್ರದ ಅಪಾಯ ಒಂದಾದರೆ ನಿಯಮದ ಪೆಟ್ಟು ಇನ್ನೊಂದು. ಆಟೋಕ್ರಾಸ್‌ನಲ್ಲಿ ಕಾರುಗಳನ್ನು ಮಾದರಿ ಮತ್ತು ಮಾರ್ಪಾಡಿನ ಪ್ರಕಾರ ವರ್ಗಗಳಾಗಿ ವಿಂಗಡಿಸುತ್ತಾರೆ. ಉದಾಹರಣೆಗೆ ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ (ಎಸ್‌ಸಿಸಿಎ) ನಿಯಮಗಳ ಸ್ಟ್ರೀಟ್ ವರ್ಗದಲ್ಲಿ ಶಾಕ್ ಅಬ್ಸಾರ್ಬರ್, ಬ್ರೇಕ್ ಪ್ಯಾಡ್, ಟೈರು ಬದಲಿಸಬಹುದು, ಆದರೆ ಸ್ಪ್ರಿಂಗ್ ಮುಟ್ಟುವಂತಿಲ್ಲ. ತಗ್ಗಿಸುವ ಸ್ಪ್ರಿಂಗ್ ಹಾಕಿದ ಕೂಡಲೇ ಗಾಡಿ ಮೇಲಿನ ವರ್ಗಕ್ಕೆ ಹೋಗುತ್ತದೆ, ಅಲ್ಲಿ ಎದುರಾಳಿಗಳು ನಿಯಮ ಬಿಟ್ಟಷ್ಟನ್ನೆಲ್ಲ ಬದಲಿಸಿ ವರ್ಷಗಟ್ಟಲೆ ಪಳಗಿದವರು. ನೋಟಕ್ಕಾಗಿ ಹಿಂದಿನ ಮಾಲೀಕರು ಹಾಕಿಸಿದ ಒಂದು ಭಾಗ ನಿಮ್ಮ ಇಡೀ ಸೀಸನ್ನಿನ ಸ್ಪರ್ಧೆಯನ್ನು ಕೆಡಿಸುತ್ತದೆ. ಕಂಪನಿ ಕೊಟ್ಟಂತೆಯೇ ಇರುವ, ಸರ್ವಿಸ್ ದಾಖಲೆ ಇರುವ, ಬಣ್ಣ ಮಾಸಿದ ಗಾಡಿ ಸಿಕ್ಕರೆ ಅದನ್ನೇ ಹಿಡಿಯಿರಿ. ನೀವು ಓಡಿಸಲಿರುವ ಕ್ಲಬ್ಬಿನ ನಿಯಮ ಪುಸ್ತಕವನ್ನು ಕೊಳ್ಳುವ ಮೊದಲೇ ಓದಿ.

ನೋಡಲು ಹೋದಾಗ ಎಂಜಿನ್ ತಣ್ಣಗಿರುವಾಗಲೇ ಎರಡನೇ ಗೇರು ಹಾಕಿ ನೋಡಿ. ಕರಕರ ಸದ್ದು ಬಂದರೆ ಆ ಗೇರು ಸಲೀಸಾಗಿ ಕೂರುವಂತೆ ಮಾಡುವ ಸಿಂಕ್ರೊ ಸವೆದಿದೆ, ಇಡೀ ದಿನ ನೀವು ಬಳಸುವುದು ಆ ಗೇರನ್ನೇ. ಜ್ಯಾಕ್ ಹಾಕಿ ಚಕ್ರ ಅಲ್ಲಾಡಿಸಿದಾಗ ಬೇರಿಂಗ್, ಬಾಲ್ ಜಾಯಿಂಟ್ ಲಟಗುಟ್ಟಬಾರದು. ಸ್ಪರ್ಧೆಯ ತಪಾಸಣೆಯಲ್ಲೂ ಇದನ್ನೇ ನೋಡುತ್ತಾರೆ, ಜೊತೆಗೆ ಬ್ಯಾಟರಿ ಬಿಗಿಯಾಗಿ ಕಟ್ಟಿದೆಯೇ, ಬ್ರೇಕ್ ಪೆಡಲ್ ಗಟ್ಟಿಯಾಗಿದೆಯೇ, ಆಕ್ಸಿಲರೇಟರ್ ಸಿಕ್ಕಿಕೊಳ್ಳದೆ ಹಿಂದಕ್ಕೆ ಬರುತ್ತದೆಯೇ ಎಂದು. ಟೈರು ಒಂದು ಬದಿ ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಅಥವಾ ಯಾವುದೋ ಬಡಿತಕ್ಕೆ ಏನೋ ಬಾಗಿದೆ. ಸಸ್ಪೆನ್ಷನ್ ಕೂರುವ ಜಾಗಗಳಲ್ಲಿ ತುಕ್ಕು ಕಂಡರೆ ಬೆಲೆಯ ಮಾತೇ ಬೇಡ, ಎದ್ದು ಬನ್ನಿ. ಬಂಪರ್ ಗೀಚು, ಹರಿದ ಸೀಟು, ಕೆಟ್ಟ ಎಸಿ ಇವಕ್ಕೆಲ್ಲ ನಿಶ್ಚಿಂತೆಯಿಂದ ಚೌಕಾಸಿ ಮಾಡಬಹುದು.

ಇಟ್ಟುಕೊಂಡ ಹಣವನ್ನೆಲ್ಲ ಗಾಡಿಗೇ ಸುರಿಯಬೇಡಿ ಎಂದು ನಾನು ಗಟ್ಟಿಯಾಗಿ ಹೇಳುವುದು ಮುಂದಿನ ಖರ್ಚಿಗಾಗಿ. ಹೊಸ ಬ್ರೇಕ್ ಆಯಿಲ್, ಒಳ್ಳೆಯ ಪ್ಯಾಡ್, ಅಲೈನ್‌ಮೆಂಟ್, ಪ್ರಮಾಣಿತ ಹೆಲ್ಮೆಟ್, ಪ್ರವೇಶ ಶುಲ್ಕ, ಆಮೇಲೆ ಟೈರು. ಸಮಯ ಇಳಿಸುವ ವಸ್ತುಗಳಲ್ಲಿ ಟೈರಿಗೆ ಸಮ ಇನ್ನೊಂದಿಲ್ಲ. ಆದರೂ ಮೊದಲ ಒಂದೆರಡು ಸ್ಪರ್ಧೆಗೆ ಗಾಡಿಯ ಜೊತೆ ಬಂದ ಸಾಮಾನ್ಯ ಟೈರೇ ಇರಲಿ, ಸವೆದು ಬೋಳಾಗಿರದಿದ್ದರೆ ಸಾಕು. ಅದು ಮೊದಲೇ ಕಿರುಚುತ್ತದೆ, ಮಿತಿ ಹತ್ತಿರವಾಯಿತೆಂದು ಹೇಳುತ್ತದೆ, ಜಾರುವಾಗಲೂ ನಿಧಾನವಾಗಿ ಜಾರುತ್ತದೆ. ಟೈರಿನ ಪಕ್ಕದ ಭಾಗದ (ಸೈಡ್‌ವಾಲ್) ಅಂಚಿಗೆ ಸೀಮೆಸುಣ್ಣ ಹಚ್ಚಿ ಓಡಿಸಿ ಬಂದು ನೋಡಿದರೆ ಟೈರು ಎಷ್ಟು ಮಗುಚುತ್ತಿದೆ, ಗಾಳಿ ಎಷ್ಟು ಬೇಕು ಎಂಬುದು ತಿಳಿಯುತ್ತದೆ. ಇದಾದ ಮೇಲೆ 200 ಟ್ರೆಡ್‌ವೇರ್‌ನ (ಟೈರಿನ ಮೇಲೆ ಬರೆದ ಸವೆತದ ಅಂಕ, ಕಡಿಮೆಯಾದಷ್ಟೂ ಟೈರು ಮೆತ್ತಗೆ) ಹಿಡಿತದ ಟೈರಿಗೆ ಹೋಗಬಹುದು, ಹಲವು ರಸ್ತೆ ಟೈರು ವರ್ಗಗಳಲ್ಲಿ ಅದಕ್ಕಿಂತ ಮೆತ್ತನೆಯದಕ್ಕೆ ಅವಕಾಶವೂ ಇಲ್ಲ.

ಆಮೇಲೆ ಯಾವಾಗ ದೊಡ್ಡ ಗಾಡಿ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ನೇರವಾದ ಪರೀಕ್ಷೆ ಇದೆ. ಸ್ಪರ್ಧೆ ಮುಗಿದ ಮೇಲೆ ಕೆಲವು ಕಡೆ ಹೆಚ್ಚುವರಿ ಸುತ್ತುಗಳಿಗೆ ಬಿಡುತ್ತಾರೆ. ಆಗ ಕ್ಲಬ್ಬಿನ ಅನುಭವಿಯೊಬ್ಬರಿಗೆ ನಿಮ್ಮ ಕಾರಿನ ಕೀ ಕೊಟ್ಟು ಪಕ್ಕದ ಸೀಟಿನಲ್ಲಿ ಕೂರಿ. ಅದೇ ಟೈರು, ಅದೇ ಕೋರ್ಸ್. ಅವರು ನಿಮಗಿಂತ ಮೂರು ಸೆಕೆಂಡು ಮುಂದೆ ಬಂದರೆ, ಒಂದು ಕೋನ್ ಬೀಳಿಸಿದ್ದಕ್ಕೆ ಹಾಕುವ ಎರಡು ಸೆಕೆಂಡಿನ ದಂಡಕ್ಕಿಂತ ದೊಡ್ಡ ಅಂತರ ಅದು, ಆ ಮೂರು ಸೆಕೆಂಡು ಈ ಗಾಡಿಯಲ್ಲೇ ಇನ್ನೂ ಇದೆ ಎಂದಾಯಿತು. ಅವರು ಎಲ್ಲಿ ಬ್ರೇಕ್ ಬಿಟ್ಟರು, ಕಣ್ಣು ಎಲ್ಲಿಟ್ಟಿದ್ದರು, ಕೈ ಎಷ್ಟು ನಿಧಾನವಾಗಿ ತಿರುಗಿತು ಎಂಬುದನ್ನು ಗಮನಿಸಿ, ಮುಂದಿನ ಸ್ಪರ್ಧೆಗೆ ಅದೇ ಗಾಡಿಯಲ್ಲಿ ಹೆಸರು ಕೊಡಿ.