ಜ್ಞಾನ ಏರ್ಯದ, ಹಿಮೋಗ್ಲೋಬಿನ್ ಏರಿಲ್ಲ

ಕಲಬುರಗಿ ಜಿಲ್ಲೆಯಲ್ಲಿ ತೊಗರಿ ಬಿಟ್ಟರೆ ಭರ್ಜರಿಯಾಗಿ ಬರುವ ಇನ್ನೊಂದು ಬೆಳೆ ನರ್ಸಿಂಗ್ ವಿದ್ಯಾರ್ಥಿಗಳು ಪದವಿಗಾಗಿ ಬರೆಯುವ ಸಂಶೋಧನಾ ಪ್ರಬಂಧ. ತೊಗರಿಗಾದರೆ ಮಳೆ ಬೇಕು, ನೆಟೆ ರೋಗದ ಕಾಟ ಬೇರೆ. ಪ್ರಬಂಧಕ್ಕೆ ಅದ್ಯಾವುದೂ ಇಲ್ಲ. ಒಬ್ಬ ಗೈಡು, ಒಂದು ಝೆರಾಕ್ಸ್ ಅಂಗಡಿ, 60 ಮಂದಿ ಬಸುರಿಯರು ಸಿಕ್ಕರೆ ಬರಗಾಲದಲ್ಲೂ ಫಸಲು ಕೈಗೆ ಬರುತ್ತದೆ.

ಶೀರ್ಷಿಕೆ ಮೊದಲೇ ಸಿದ್ಧವಿರುತ್ತದೆ. 'ಕಲಬುರಗಿಯ ಆಯ್ದ ಆಸ್ಪತ್ರೆಗಳಲ್ಲಿನ ಗರ್ಭಿಣಿಯರಿಗೆ ರಕ್ತಹೀನತೆಯ ಕುರಿತು ಇರುವ ಜ್ಞಾನದ ಮೇಲೆ ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮವನ್ನು ಅಳೆಯುವ ಒಂದು ಅಧ್ಯಯನ.' ಒಂದೇ ಉಸಿರಿಗೆ ಓದಲು ಬಂದರೆ ಹೆರಿಗೆ ನೋವಿನ ಉಸಿರಾಟದ ಅಭ್ಯಾಸವೂ ಆದಂತೆ. ಮುಂದಿನ ವರ್ಷದವರು 'ರಕ್ತಹೀನತೆ' ತೆಗೆದು 'ಎದೆಹಾಲು' ಹಾಕುತ್ತಾರೆ, ಅದರ ಮುಂದಿನವರು 'ಗರ್ಭಕೋಶದ ಕ್ಯಾನ್ಸರ್'. ಮಿಕ್ಕ ನೂರು ಪುಟಕ್ಕೆ ಯಾರೂ ಕೈ ಹಚ್ಚುವುದಿಲ್ಲ.

ವಿಧಾನವೂ ಸರಳ. ಮೊದಲ ದಿನ ಬಸುರಿಗೆ 30 ಪ್ರಶ್ನೆಯ ಪರೀಕ್ಷೆ. ಆಮೇಲೆ ಚಾರ್ಟು ತೋರಿಸಿ ಮುಕ್ಕಾಲು ತಾಸು ಪಾಠ. ಏಳನೇ ದಿನ ಅದೇ ಪ್ರಶ್ನೆಪತ್ರಿಕೆ. ಉತ್ತರ ಹೇಳಿಕೊಟ್ಟು ಅದೇ ಪ್ರಶ್ನೆ ಕೇಳಿದರೆ ಅಂಕ ಏರುತ್ತದೆ ಎಂಬುದನ್ನು ನಮ್ಮ ಸಂಶೋಧಕರು ಪ್ರತಿ ವರ್ಷ ಹೊಸದಾಗಿ ಕಂಡುಹಿಡಿಯುತ್ತಾರೆ. 'ಪಿ' ಮೌಲ್ಯ 0.05ಕ್ಕಿಂತ ಕಡಿಮೆ ಬಂತು (ಅಂದರೆ ಏರಿಕೆ ಬರೇ ಆಕಸ್ಮಿಕ ಅಲ್ಲ ಎನ್ನುವ ಲೆಕ್ಕ), ಕಾರ್ಯಕ್ರಮ ಪರಿಣಾಮಕಾರಿ, ಇದೇ ಅಧ್ಯಯನವನ್ನು ಇನ್ನೂ ಹೆಚ್ಚಿನ ಮಂದಿಯ ಮೇಲೆ ಮಾಡಬಹುದು. ಸ್ಪೈರಲ್ ಬೈಂಡಿಂಗ್ ಹಾಕಿಸು ತಮ್ಮಾ.

ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಈ ವಿಜ್ಞಾನ ಹೀಗೆ ನಡೆಯುತ್ತದೆ.

"ಅಕ್ಕಾ, ರಕ್ತಹೀನತೆ ಅಂದ್ರ ಏನು? ನಾಕು ಉತ್ತರ ಓದ್ತೀನಿ, ಒಂದು ಹೇಳ್ರಿ."

"ಚೀಟಿ ಮ್ಯಾಲ ಡಾಕ್ಟರ್ ಎಂಟು ಅಂತ ಬರದಾರಲ್ಲವ್ವಾ, ಅದೇ ಅಲ್ಲೇನು?"

"ಹಂಗಲ್ರಿ, ಅ, ಬ, ಕ, ಡ ಒಳಗ ಹೇಳ್ಬೇಕು."

"ಗುಳಿಗಿ ಯಾವಾಗ ಕೊಡ್ತಾರ?"

"ಅದು ಇದ್ರಾಗ ಇಲ್ರಿ. ಕುಟುಂಬ ಯಾವ ನಮೂನಿದು? ಅವಿಭಕ್ತೋ ವಿಭಕ್ತೋ?"

"ಗಂಡ ಪುಣೆದಾಗ ಗೌಂಡಿ ಕೆಲಸಕ್ಕ ಹೋಗ್ಯಾನ. ಅತ್ತಿ ಊರಾಗ, ನಾ ತವರಾಗ. ಇದು ಯಾವುದಕ್ಕ ಬರ್ತದ?"

ಯಾವುದಕ್ಕೂ ಬರಲಿಲ್ಲ. ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುವುದು ಲೆಕ್ಕ. 8 ಇಟ್ಟುಕೊಂಡು ಬೆಂಚಿನ ಮೇಲೆ ಕುಂತಿದ್ದ ಆ ಹೆಣ್ಣುಮಗಳು ರಕ್ತಹೀನತೆಗೆ ತಾನೇ ಉದಾಹರಣೆ ಆಗಿದ್ದಳು. ಆದರೂ ಉತ್ತರ ಅ, ಬ, ಕ, ಡ ಒಳಗೆ ಇರದ ಕಾರಣ ಸೊನ್ನೆ. 'ಅಸಮರ್ಪಕ ಜ್ಞಾನ' ಎಂಬ ಕಾಲಮ್ಮಿಗೆ ಒಂದು ಗೀಟು ಬಿತ್ತು.

ನನ್ನನ್ನು ಕಾಡುವುದು ಏಳನೇ ದಿನ. ನಮ್ಮ ಕಡೆ ಗರ್ಭಿಣಿ ತಪಾಸಣೆಗೆ ಬರುವುದು ತಿಂಗಳಿಗೊಮ್ಮೆ, ಅದೂ ಬಸ್ಸು ಸಿಕ್ಕರೆ, ಕೂಲಿ ಬಿಡಲು ಆದರೆ. ಅಂಥವಳು ಬರೇ ಮರುಪರೀಕ್ಷೆ ಬರೆಯಲು ಏಳನೇ ದಿನ ಜೇವರ್ಗಿ ಕಡೆಯಿಂದ ಎದ್ದು ಬಂದಳೆಂದರೆ, ನಮ್ಮ ಹೆಣ್ಣುಮಕ್ಕಳ ವಿದ್ಯಾದಾಹಕ್ಕೆ ಕೈ ಮುಗಿಯಬೇಕು. ಕೋಷ್ಟಕ ನೋಡಿ: ಮೊದಲ ದಿನ 60, ಏಳನೇ ದಿನ 60. ಒಬ್ಬಳಿಗೂ ನಡುವೆ ಹೆರಿಗೆ ಆಗಲಿಲ್ಲ, ಒಬ್ಬಳೂ ತವರಿಗೆ ಹೋಗಲಿಲ್ಲ, ಒಬ್ಬಳ ಬಸ್ಸೂ ತಪ್ಪಲಿಲ್ಲ. ಚುನಾವಣೆಗೆ ಇಂಥ ಹಾಜರಾತಿ ಬಂದರೆ ಮರುಮತದಾನಕ್ಕೆ ಆದೇಶ ಆಗುತ್ತಿತ್ತು.

ಇತ್ತ ಜ್ಞಾನ ಏರುತ್ತಿದ್ದರೆ ಅತ್ತ ರಕ್ತ ತನ್ನ ಪಾಡಿಗೆ ಇಳಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ 2015-16ರಲ್ಲಿ ಶೇ. 44.8 ಇತ್ತು, 2019-21ರಲ್ಲಿ ಶೇ. 47.8. ಪ್ರಬಂಧಗಳೆಲ್ಲ ಪರಿಣಾಮಕಾರಿಯಾಗಿರದಿದ್ದರೆ ಇನ್ನೆಷ್ಟಾಗುತ್ತಿತ್ತೋ!

ಇನ್ನು ಲೇಬರ್ ರೂಮಿನ ತರಬೇತಿ. ಬಿ.ಎಸ್ಸಿ. ನರ್ಸಿಂಗ್‌ನ ಹಳೆಯ ಪಠ್ಯಕ್ರಮದ ಪ್ರಕಾರ ಪ್ರತಿ ವಿದ್ಯಾರ್ಥಿ 20 ಸಹಜ ಹೆರಿಗೆ ಮಾಡಿಸಬೇಕಿತ್ತು. ಒಂದು ಮಂಚದ ಸುತ್ತ ನಾಲ್ಕು ಕಾಲೇಜಿನ ನಾಲ್ಕು ಬಣ್ಣದ ಯೂನಿಫಾರ್ಮು ನಿಂತರೆ ಹಡೆಯುವಾಕೆಗೆ ಗಾಳಿಯೂ ಆಡುವುದಿಲ್ಲ. ಮಗು ಒಂದು ಹುಟ್ಟುತ್ತದೆ, ಹನ್ನೆರಡು ಲಾಗ್ ಬುಕ್ಕಿನಲ್ಲಿ 'ಮಾಡಿಸಿದೆ' ಎಂದು ದಾಖಲಾಗುತ್ತದೆ. ಎಲ್ಲ ಬುಕ್ಕು ಕೂಡಿಸಿ ಜಿಲ್ಲೆಯ ಜನನ ಪ್ರಮಾಣ ತೆಗೆದರೆ ಜನಗಣತಿಯವರು ಹೌಹಾರಬೇಕು.

ಗಂಡು ಹುಡುಗರದು ಇನ್ನೂ ಮಜಾ. ಬಾಗಿಲಲ್ಲೇ ಆಯಾ ತಡೆಯುತ್ತಿದ್ದಳು: "ಏ ತಮ್ಮಾ, ಒಳಗ ಹೆಣ್ಮಕ್ಕಳದಾರ, ಆ ಕಡಿ ನಿಂದ್ರು." ಆತ ವರಾಂಡದಲ್ಲಿ ನಿಂತೇ ಇಪ್ಪತ್ತೂ ಹೆರಿಗೆ ಮುಗಿಸುತ್ತಿದ್ದ. ಸೀನಿಯರ್ ಬುಕ್ಕಿನಿಂದ ಇಳಿಸಿಕೊಂಡ ಆ ಇಪ್ಪತ್ತೂ ಕೂಸುಗಳ ತೂಕ 2.8 ಕಿಲೋ, ಎಲ್ಲವೂ ಹುಟ್ಟಿದ ಕೂಡಲೇ ಅತ್ತಿವೆ. ಹುಡುಗರನ್ನು ಬೈದು ಫಲವಿಲ್ಲ. ಬುಕ್ಕು ತುಂಬಬೇಕು ಎಂದು ಹೇಳಿದವರೇ ಬಾಗಿಲು ಹಾಕಿಸಿದ್ದಾರೆ.

ಅದೇ ಬುಕ್ಕಿನಲ್ಲಿ ಇನ್ನೊಂದು ಕಾಲಮ್ಮು ಇತ್ತು: ಎಪಿಸಿಯಾಟಮಿ, ಐದು. ಹೆರಿಗೆಯ ಹೊತ್ತಿಗೆ ಯೋನಿದ್ವಾರದ ಬದಿಗೆ ಕತ್ತರಿ ಹಾಕಿ ಹೊಲಿಯುವುದು. ಎಲ್ಲರಿಗೂ ವಾಡಿಕೆಯಂತೆ ಕತ್ತರಿ ಹಾಕಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಹೆರಿಗೆ ಮಾರ್ಗಸೂಚಿಯಲ್ಲೇ ಹೇಳಿದೆ. ಆದರೆ ಬುಕ್ಕಿಗೆ ಐದು ಬೇಕಿತ್ತು. ಪರೀಕ್ಷೆ ಹತ್ತಿರ ಬಂದು ಇನ್ನೂ ಎರಡು ಬಾಕಿ ಉಳಿದ ವಿದ್ಯಾರ್ಥಿನಿಯ ಕೈಗೆ ಸಿಕ್ಕ ಹಡೆಯುವಾಕೆಯ ಹಣೆಬರಹವನ್ನು ಯಾವ ಪ್ರಬಂಧವೂ ಅಳೆದಿಲ್ಲ.

ಹಾಗಂತ ಸಂಶೋಧನೆ ನಮ್ಮ ನೆಲದ ಗುಣ ಅಲ್ಲ ಅನ್ನುವಂತಿಲ್ಲ. ಇದೇ ರಾಜ್ಯದ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಎ.ಎನ್.ಎಂ. ಸಿಸ್ಟರುಗಳೇ (ಹೆರಿಗೆ ಮಾಡಿಸುವ ಹಳ್ಳಿಯ ಆರೋಗ್ಯ ಸಹಾಯಕಿಯರು) ಹೆರಿಗೆ ಆದ ಕೂಡಲೇ, ಗರ್ಭಕೋಶ ಬಿಗಿಗೊಳಿಸಿ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿಸಿದರು. 1620 ತಾಯಂದಿರ ಆ ಅಧ್ಯಯನ 2006ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹೆರಿಗೆ ನಂತರದ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿದಿತ್ತು. ಅಲ್ಲಿ ಯಾರೂ ತಾಯಿಗೆ 'ರಕ್ತಸ್ರಾವ ಎಂದರೇನು' ಎಂದು ಕೇಳಲಿಲ್ಲ. ಆಕೆಯ ಕೆಳಗೆ ಅಳತೆ ಗೆರೆ ಇರುವ ಪ್ಲಾಸ್ಟಿಕ್ ಹಾಸಿ, ಹೋದ ರಕ್ತವನ್ನು ಅಳೆದರು. ಅಂಥದ್ದೇ ಪ್ಲಾಸ್ಟಿಕ್ಕಿನಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ ಕೂಡಲೇ ಚಿಕಿತ್ಸೆ ಕೊಟ್ಟು, ಆಫ್ರಿಕಾದ ನಾಲ್ಕು ದೇಶಗಳಲ್ಲಿ ತೀವ್ರ ರಕ್ತಸ್ರಾವದಂಥ ಅನಾಹುತಗಳನ್ನು ಶೇ. 60ರಷ್ಟು ತಗ್ಗಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಇನ್ನೂ 'ಎರಡು ಪ್ಯಾಡ್ ತೊಯ್ದದ' ಎಂಬುದೇ ಮಾಪನ.

ಅಷ್ಟು ದೂರವೂ ಬೇಡ. ಬಳ್ಳಾರಿ ಮತ್ತು ನಮ್ಮದೇ ಕಲಬುರಗಿ ಜಿಲ್ಲೆಯ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಹಿಡಿದು, ಅರ್ಧ ಕೇಂದ್ರಗಳಿಗೆ ತರಬೇತಾದ ನರ್ಸುಗಳನ್ನೇ ಮಾರ್ಗದರ್ಶಕರಾಗಿ ಕಳಿಸಿ ನೋಡಿದ ಪ್ರಯೋಗ ಆಗಿದೆ. ಅವರು ಹೋಗಿ ಸಿಸ್ಟರ್ ಪಕ್ಕ ನಿಂತರು, ಕೇಸ್ ಶೀಟ್ ತಿದ್ದಿದರು, ಔಷಧಿ ಕಪಾಟು ತೆರೆಸಿ ನೋಡಿದರು. ಆ ಕೇಂದ್ರಗಳ ತಯಾರಿಯೂ ಸಿಬ್ಬಂದಿಯ ಕೌಶಲವೂ ಸುಧಾರಿಸಿದವು. ಅಲ್ಲಿ ಪರೀಕ್ಷೆಗೆ ಕುಂತದ್ದು ಆಸ್ಪತ್ರೆ, ಬಸುರಿ ಅಲ್ಲ.

ಆದ್ದರಿಂದ ಈ ವರ್ಷದ ವಿದ್ಯಾರ್ಥಿಗಳಿಗೆ ಒಂದು ಸಿನಾಪ್ಸಿಸ್ (ಪ್ರಬಂಧದ ರೂಪುರೇಷೆ) ಪುಕ್ಕಟೆ ಕೊಡುತ್ತಿದ್ದೇನೆ. ಶೀರ್ಷಿಕೆ: 'ಕಲಬುರಗಿಯ ಆಯ್ದ ಆಸ್ಪತ್ರೆಗಳ ಆಡಳಿತಗಾರರಿಗೆ ಲೇಬರ್ ರೂಮಿನ ಕುರಿತು ಇರುವ ಜ್ಞಾನದ ಒಂದು ಅಧ್ಯಯನ.' ಸ್ಯಾಂಪಲ್ 60. ಪ್ರಶ್ನೆ ಒಂದು: ಕಬ್ಬಿಣಾಂಶದ ಗುಳಿಗೆ ಸ್ಟೋರಿನಲ್ಲಿ ಎಷ್ಟಿವೆ? ಎರಡು: ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಪಾಲಿಗೆ ಎಷ್ಟು ಹೆರಿಗೆ? ಮೂರು: ಹಡೆಯುವಾಕೆಯ ಜೊತೆ ಆಕೆಯ ತಾಯಿಯನ್ನು ಒಳಗೆ ಬಿಡಬಹುದು ಎಂದು ಸರಕಾರವೇ ಹೇಳಿದ್ದು ತಮಗೆ ಗೊತ್ತೇ? ಉತ್ತರ ಅ, ಬ, ಕ, ಡ ಒಳಗೇ ಇರಬೇಕು. ಏಳನೇ ದಿನ ಎಲ್ಲರೂ ಮತ್ತೆ ಬಂದು ಕುಂಡ್ರಬೇಕು.

ಪಾಸಾಗುವುದಿಲ್ಲ ಎಂದು ನನಗೂ ಗೊತ್ತು. ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿ ಸಿನಾಪ್ಸಿಸ್ ವಾಪಸ್ ಕಳಿಸುತ್ತದೆ: ಇಂಥ ಪ್ರಶ್ನೆಗಳಿಂದ ಭಾಗವಹಿಸುವವರ ಮನಸ್ಸಿಗೆ ನೋವಾಗುವ ಸಂಭವವಿದೆ, ಬದಲಿಗೆ 60 ಮಂದಿ ಗರ್ಭಿಣಿಯರನ್ನು ತೆಗೆದುಕೊಳ್ಳಿ.