ಅವ್ವನಿಗೆ ಹೇಳದೆ ಗಾಡಿ ಓಡಿಸಿದ ಐದು ತಿಂಗಳು

ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಗೇರ್ ಇರುವ ಮೋಟಾರ್ ಸೈಕಲ್ ಕಲಿತೆ. ಕಲಿತ ಮೇಲೆ ಐದು ತಿಂಗಳು ಅವ್ವನಿಗೆ ಹೇಳಲಿಲ್ಲ. ಹೊಸದಾಗಿ ಗಾಡಿ ಕಲಿತ ನಮ್ಮ ಭಾಗದ ಕೆಲವು ಹೆಣ್ಣುಮಕ್ಕಳು "ಮನೆಯಲ್ಲಿ ಹೇಗೆ ಹೇಳಬೇಕು?" ಎಂದು ಆಗಾಗ ನನ್ನನ್ನು ಕೇಳುತ್ತಿರುವುದರಿಂದ ಆ ಐದು ತಿಂಗಳ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಗಾಡಿ ರಸ್ತೆಗೆ ಇಳಿಯುವ ಮೊದಲೇ ಹೇಳಿಬಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಿರಿಯರ ಮನಸ್ಸು ನೋಯುತ್ತದೆ ಎಂಬುದೊಂದೇ ಇದಕ್ಕೆ ಕಾರಣವಲ್ಲ. ಮುಚ್ಚಿಟ್ಟು ಓಡಿಸಿದರೆ ಓಡಿಸುವವರ ಜೀವಕ್ಕೇ ಅಪಾಯ ಹೆಚ್ಚುತ್ತದೆ.

ನಾವು ಇರುವುದು ಬಾಗಲಕೋಟೆಯ ನವನಗರದಲ್ಲಿ. ನಾನು ಪಾಠ ಹೇಳುವ ಶಾಲೆ ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಗದ್ದನಕೇರಿ ಕ್ರಾಸ್, ಅನಗವಾಡಿಯ ಸೇತುವೆ ದಾಟಿ ಬೀಳಗಿ ಕ್ರಾಸಿನಲ್ಲಿ ಇಳಿದರೆ ಅಲ್ಲಿಂದ ಹಳ್ಳಿಯ ಬಸ್ಸಿಗೆ ಕಾಯಬೇಕು. ಸಂಜೆಯ ಬಸ್ಸು ತಪ್ಪಿದರೆ ಮನೆ ಸೇರುವ ಹೊತ್ತಿಗೆ ಕತ್ತಲಾಗಿರುತ್ತದೆ. ಊರೊಳಗೆ ಓಡಾಡಲು ನನ್ನ ಬಳಿ ಸ್ಕೂಟಿ ಇತ್ತು. ಆದರೆ ಅದರ ಸಣ್ಣ ಗಾಲಿಗಳು ಹಳ್ಳಿಯ ರಸ್ತೆಯ ತಗ್ಗುಗಳಲ್ಲಿ ಪೂರ್ತಿ ಇಳಿದುಬಿಡುತ್ತವೆ, ಮೋಟಾರ್ ಸೈಕಲ್ಲಿನ ದೊಡ್ಡ ಗಾಲಿಗಳು ಅದೇ ತಗ್ಗುಗಳನ್ನು ದಾಟಿಕೊಂಡು ಹೋಗುತ್ತವೆ. ಹೀಗಾಗಿ 150 ಸಿಸಿಯ ಗಾಡಿ ಕೊಂಡೆವು. ನನ್ನ ಹಳೆಯ ಲೈಸೆನ್ಸ್ ಗೇರ್ ಇಲ್ಲದ ಗಾಡಿಗೆ ಮಾತ್ರ ಇತ್ತು. ಗೇರ್ ಗಾಡಿಗೆ ಬೇರೆ ಎಲ್‌ಎಲ್‌ (ಕಲಿಯುವವರ ಲೈಸೆನ್ಸ್) ಮಾಡಿಸಿ, 30 ದಿನ ಕಳೆದ ಮೇಲೆ ಪರೀಕ್ಷೆ ಕೊಟ್ಟು ಪಾಸಾದೆ. ನಮ್ಮ ಮನೆಯವರೇ ಮುಂದೆ ನಿಂತು ಕಲಿಸಿದರು.

ಅವ್ವನಿಗೆ ಹೇಳದಿರಲು ಕಾರಣವಿತ್ತು. 2003ರ ಡಿಸೆಂಬರಿನಲ್ಲಿ ಅವಳ ಕಿರಿಯ ತಮ್ಮ, ನನ್ನ ಸೋದರಮಾವ, ಮುಧೋಳ ಕಡೆಯಿಂದ ರಾತ್ರಿ ಸೈಕಲ್ ಮೋಟಾರಿನ ಮೇಲೆ ಬರುವಾಗ ರಸ್ತೆಯ ಮೇಲೆ ನಿಂತಿದ್ದ ಕಬ್ಬಿನ ಟ್ರ್ಯಾಲಿಗೆ ಹಿಂದಿನಿಂದ ಬಡಿದು ತೀರಿಕೊಂಡ. ಟ್ರ್ಯಾಲಿಗೆ ಹಿಂದೆ ದೀಪವಿರಲಿಲ್ಲ, ಮಾವನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಕಾರ್ಖಾನೆಗಳು ಕಬ್ಬು ನುರಿಸುವ ಕಾಲದಲ್ಲಿ ನಮ್ಮ ರಸ್ತೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರ್ಯಾಲಿ, ಎರಡೂ ಬದಿಗೆ ಚಾಚಿಕೊಂಡ ಕಬ್ಬು, ಹತ್ತಿರ ಹೋಗುವವರೆಗೂ ಬರೀ ಕತ್ತಲೆಯಂತೆ ಕಾಣುವ ಹಿಂಭಾಗ. ಅಂದು ಮನೆ ಬಿಡುವಾಗ ಮಾವ ಅವ್ವನಿಗೆ ಹೇಳಿದ ಕೊನೆಯ ಮಾತು "ಏನೂ ಆಗಂಗಿಲ್ಲ ಬಿಡಕ್ಕಾ" ಎಂಬುದಾಗಿತ್ತು. ಆ ಮಾತನ್ನು ಅವ್ವ ಇಂದಿಗೂ ಅದೇ ದನಿಯಲ್ಲಿ ಹೇಳುತ್ತಾಳೆ.

ಆದ್ದರಿಂದ ಗಾಡಿಯನ್ನು ಮನೆಯವರ ಹೆಸರಿಗೇ ಮಾಡಿಸಿ, ಅದು ಅಳಿಯನದು ಎಂದು ಅವ್ವ ತಿಳಿದುಕೊಳ್ಳುವಂತೆ ಬಿಟ್ಟೆವು. ಇದರಿಂದ ಏನೇನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ವಿಮೆಯ ಜೊತೆ ಬರುವ 15 ಲಕ್ಷ ರೂಪಾಯಿಯ ಕಡ್ಡಾಯ ಅಪಘಾತ ರಕ್ಷಣೆ ಗಾಡಿಯ ನೋಂದಾಯಿತ ಮಾಲೀಕರಿಗೆ ಮಾತ್ರ ಅನ್ವಯಿಸುತ್ತದೆ. ದಿನವೂ ಓಡಿಸುತ್ತಿದ್ದವಳು ನಾನು, ರಕ್ಷಣೆ ಇದ್ದದ್ದು ಮನೆಯವರಿಗೆ. ಅವ್ವ ನಮ್ಮಲ್ಲಿಗೆ ಬಂದು ವಾರಗಟ್ಟಲೆ ಇರುವಾಗ ನನ್ನ ಹೆಲ್ಮೆಟ್ಟನ್ನು ಪಕ್ಕದ ಮನೆಯಲ್ಲಿ ಇಡುತ್ತಿದ್ದೆ. ಒಂದು ಮುಂಜಾನೆ ಆ ಮನೆಗೆ ಬೀಗ ಹಾಕಿತ್ತು. ಶಾಲೆಗೆ ತಡವಾಗುತ್ತದೆಂದು ಮನೆಯವರ ಹೆಲ್ಮೆಟ್ಟನ್ನೇ ಹಾಕಿಕೊಂಡು ಹೊರಟೆ. ಅದು ನನ್ನ ತಲೆಗೆ ಸಡಿಲ. ಅನಗವಾಡಿಯ ಸೇತುವೆಯ ಮೇಲೆ ಗಾಳಿ ಅದನ್ನು ಎತ್ತಿ ಹಿಂದಕ್ಕೆ ಎಳೆಯುತ್ತಿದ್ದಾಗ, ಐಎಸ್‌ಐ ಗುರುತಿದ್ದರೂ ಅಳತೆಗೆ ಹೊಂದದ ಹೆಲ್ಮೆಟ್ ಇದ್ದೂ ಇಲ್ಲದಂತೆಯೇ ಎಂದು ಅರ್ಥವಾಯಿತು.

ಇನ್ನೊಂದು ಸಂಜೆ, ಮಳೆ ನಿಂತ ಮೇಲೆ, ಟ್ರ್ಯಾಕ್ಟರ್ ಗಾಲಿಗಳು ಹೊಲದಿಂದ ಡಾಂಬರಿನ ಮೇಲೆ ತಂದುಹಾಕಿದ್ದ ಎರೆಮಣ್ಣಿನಲ್ಲಿ ಹಿಂದಿನ ಗಾಲಿ ಜಾರಿ ಬಿದ್ದೆ. ಮೊಣಕಾಲು ಕೆತ್ತಿತು, ಮುಂಗೈ ಬಾತುಕೊಂಡಿತು. ಆ ದಿನ ನಾನು ಯಾವ ದಾರಿ ಹಿಡಿದಿದ್ದೇನೆಂದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಮುಖ್ಯ ರಸ್ತೆಯಲ್ಲಿ ನೆಂಟರು ಕಂಡಾರೆಂದು ಒಳದಾರಿಯಲ್ಲಿ ಬರುತ್ತಿದ್ದೆ. ಅವ್ವನಿಗೆ ಬಸ್ಸಿನ ಮೆಟ್ಟಿಲಲ್ಲಿ ಜಾರಿದೆ ಎಂದೆ. "ಬಸ್ಸ ನಿಂತ ಮ್ಯಾಲ ಇಳೀಬೇಕವ್ವಾ" ಎನ್ನುತ್ತಾ ಅವಳು ಅರಿಶಿನ ಕಾಸಿ ಹಚ್ಚಿದಳು. ಆ ಅರಿಶಿನದ ಬಿಸಿಗಿಂತ ಹೆಚ್ಚು ನನ್ನನ್ನು ಸುಟ್ಟದ್ದು ಪಕ್ಕದಲ್ಲಿ ಕುಳಿತಿದ್ದ ಮಗಳ ನೋಟ. ಹದಿಮೂರು ವರ್ಷದ ಅವಳು ಫೋನಿನಲ್ಲಿ "ಮಮ್ಮಿ ಬಸ್ಸಿನ್ಯಾಗ ಬರಾಕತ್ತಾಳ ಆಯಿ" ಎಂದು ಅದೆಷ್ಟು ಸಲ ಹೇಳಿದ್ದಳೋ. ಮಗುವಿನ ಬಾಯಿಂದ ಸುಳ್ಳು ಹೇಳಿಸಿದ್ದನ್ನು ನಾನು ಇನ್ನೂ ಮರೆತಿಲ್ಲ.

ಕೊನೆಗೂ ಹೇಳಿದವಳು ನಾನಲ್ಲ. ಗದ್ದನಕೇರಿ ಕ್ರಾಸಿನಲ್ಲಿ ನನ್ನನ್ನು ಕಂಡ ನೆಂಟರೊಬ್ಬರು ನಾನು ಮನೆ ಮುಟ್ಟುವ ಮೊದಲೇ ಊರಿಗೆ ಫೋನ್ ಮಾಡಿದ್ದರು. ಅವ್ವ ಬೈಯಲಿಲ್ಲ. "ನಿನ್ನ ಸುದ್ದಿ ಬ್ಯಾರೇದವ್ರ ಬಾಯಿಂದ ಕೇಳೂದಾತಲ್ಲ ನಂಗ" ಎಂದಷ್ಟೇ ಹೇಳಿ ಫೋನ್ ಇಟ್ಟಳು. ಮಾವನ ಸಾವಿನ ಸುದ್ದಿಯೂ ಅವಳಿಗೆ ಹಾಗೆಯೇ ಬಂದಿತ್ತು, ಬೇರೆಯವರ ಬಾಯಿಂದ. ಅದು ನನಗೆ ಹೊಳೆದದ್ದು ಆ ರಾತ್ರಿ.

ಮರುದಿನ ರವಿವಾರ ಬಸ್ಸು ಹಿಡಿದು ಊರಿಗೆ ಹೋದೆ. ಆ ಹೊತ್ತಿನಲ್ಲಿ ಗಾಡಿಯ ಮೇಲೆ ಹೋಗಿ ಅವಳ ಮುಂದೆ ಇಳಿಯುವುದು ಸರಿಯಲ್ಲವೆನಿಸಿತು. ಅಡುಗೆಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಮೊದಲು ಬಿದ್ದ ವಿಷಯ ಹೇಳಿದೆ, ಆಮೇಲೆ ಮಗಳ ವಿಷಯ, ಆಮೇಲೆ ಉಳಿದದ್ದು. "ಏನೂ ಆಗುವುದಿಲ್ಲ" ಎಂಬ ಮಾತನ್ನು ಮಾತ್ರ ಬಾಯಿಗೆ ತರಲಿಲ್ಲ. ಮನೆಯಲ್ಲಿ ಹೇಳಲು ಹೊರಟವರೆಲ್ಲರೂ ಆ ಮಾತನ್ನು ಬಿಟ್ಟುಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಅದು ನಮ್ಮ ಕೈಯಲ್ಲಿಲ್ಲದ ಭರವಸೆ, ಕೇಳುವವರಿಗೂ ಅದು ಗೊತ್ತಿರುತ್ತದೆ. ನಮ್ಮ ಕೈಯಲ್ಲಿ ಇರುವುದನ್ನು ಹೇಳಬಹುದು. ಕಬ್ಬಿನ ಹಂಗಾಮಿನಲ್ಲಿ ಹೊತ್ತು ಮುಳುಗಿದ ಮೇಲೆ ಓಡಿಸುವುದಿಲ್ಲ, ತಡವಾದರೆ ಗಾಡಿಯನ್ನು ಶಾಲೆಯಲ್ಲೇ ಬಿಟ್ಟು ಬಸ್ಸಿಗೆ ಬರುತ್ತೇನೆ, ಹೊರಡುವಾಗ ಮತ್ತು ಮುಟ್ಟಿದಾಗ ಫೋನ್ ಮಾಡುತ್ತೇನೆ, ನಡುವೆ ಫೋನ್ ಬಂದರೆ ಎತ್ತುವುದಿಲ್ಲ, ವೇಲನ್ನು ಕೊರಳಿಗೆ ಸುತ್ತಿಕೊಳ್ಳದೆ ಬ್ಯಾಗಿನಲ್ಲಿ ಇಡುತ್ತೇನೆ ಎಂದೆ. ಗಾಡಿಯನ್ನು ನನ್ನ ಹೆಸರಿಗೆ ಮಾಡಿಸುತ್ತೇವೆಂದೂ ಹೇಳಿದೆ, ಈಗ ಮಾಡಿಸಿದ್ದೇವೆ.

ಅವಳ ಪ್ರಶ್ನೆಗಳೂ ಸಣ್ಣವಾಗಿರಲಿಲ್ಲ. "ಬಸ್ಸ ಫುಕಟ್ ಐತಿ, ಮತ್ತ್ಯಾಕ ಬೇಕಿತ್ತ ಇದು?" ಎಂದಳು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ನಮಗೆ ಸಾರಿಗೆ ಬಸ್ಸು ಉಚಿತವಾಗಿದೆ, ಅದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಟಿಕೀಟು ಉಳಿದರೂ ಕ್ರಾಸಿನಲ್ಲಿ ನಿಂತು ಕಳೆಯುವ ಹೊತ್ತು ಉಳಿಯುವುದಿಲ್ಲ ಎಂದೆ. ಅವ್ವ ಸುಮ್ಮನಾದಳು, ಒಪ್ಪಲಿಲ್ಲ. "ಮುಂದಿನ ಬ್ರೇಕ್ ಹಿಡೀಬ್ಯಾಡ, ಗಾಡಿ ಪಲ್ಟಿ ಆಕ್ಕೈತಿ" ಎಂದು ಅಣ್ಣ ನಡುವೆ ಬಾಯಿ ಹಾಕಿದ. ನಮ್ಮ ಕಡೆ ಮನೆಮನೆಯಲ್ಲೂ ಕೇಳಿಬರುವ ಈ ಬುದ್ಧಿಮಾತು ತಪ್ಪು. ಬ್ರೇಕ್ ಹಾಕಿದಾಗ ಹೆಚ್ಚಿನ ಭಾರ ಮುಂದಿನ ಗಾಲಿಯ ಮೇಲೆ ಬೀಳುವುದರಿಂದ ಗಾಡಿಯನ್ನು ಹೆಚ್ಚು ನಿಲ್ಲಿಸುವುದು ಮುಂದಿನ ಬ್ರೇಕೇ. ಹಿಂದಿನದರ ಜೊತೆಗೆ ಅದನ್ನೂ ಹದವಾಗಿ ಒತ್ತಬೇಕು, ತಿರುವಿನಲ್ಲಿ ಹಾಗೂ ಕೆಸರಿನಲ್ಲಿ ಒಮ್ಮೆಲೇ ಹಿಡಿಯಬಾರದು. 125 ಸಿಸಿಗಿಂತ ದೊಡ್ಡ ಹೊಸ ಗಾಡಿಗಳಿಗೆ 2019ರಿಂದ ಕಡ್ಡಾಯವಾದ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಗಾಲಿ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ನನ್ನ ಗಾಡಿಗೂ ಇದೆ ಎಂದು ಅಣ್ಣನಿಗೆ ವಿವರಿಸಿದೆ. ಅವ್ವ ರೊಟ್ಟಿ ಬಡಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಳು.

ಇದಾಗಿ ಒಂದು ವರ್ಷ ಕಳೆದಿದೆ. ನಾನು ಗಾಡಿ ಚಾಲೂ ಮಾಡುವಾಗ ಅವ್ವ ಇಂದಿಗೂ ಹೊರಗೆ ಬಂದು ನೋಡುವುದಿಲ್ಲ, ನಾನೂ ಕರೆಯುವುದಿಲ್ಲ. ಹೊರಡುವಾಗ ಫೋನ್ ಮಾಡಿದರೆ "ಪಟ್ಟಿ ಬಿಗೀಯಾಗಿ ಕಟ್ಟೀದೇನ?" ಎಂದು ಕೇಳುತ್ತಾಳೆ. ಕಳೆದ ಹಂಗಾಮು ಶುರುವಾಗುವ ಮೊದಲು ಅಣ್ಣನ ಟ್ರ್ಯಾಕ್ಟರ್ ಕಾರ್ಖಾನೆಗೆ ಹೊರಟು ನಿಂತಿದ್ದಾಗ, ಎರಡೂ ಟ್ರ್ಯಾಲಿಗಳ ಹಿಂದೆ ಕೆಂಪು ರೇಡಿಯಂ ಪಟ್ಟಿ ಅಂಟಿಸುವವರೆಗೆ ಅವಳು ಗಾಡಿಯನ್ನು ಕಣದಿಂದ ಬಿಡಲಿಲ್ಲವಂತೆ. ಅಂಟಿಸಿದ ಮೇಲೆ, ಕತ್ತಲಾಗುವವರೆಗೂ ಕಾದು, ಬ್ಯಾಟರಿ ಹಿಡಿದುಕೊಂಡು ರಸ್ತೆಯವರೆಗೆ ನಡೆದುಹೋಗಿ, ಅದು ಹೊಳೆಯುತ್ತದೆಯೋ ಇಲ್ಲವೋ ಎಂದು ದೂರದಿಂದ ಬೆಳಕು ಬಿಟ್ಟು ನೋಡಿದಳೆಂದು ಅಣ್ಣ ಹೇಳಿದ.